ಗೊರಕೆಯೂ ಒಂದು ಸಾಕ್ಷಿ

2010ರ ಮೇ 22ರ ಬೆಳಗ್ಗೆ ಆರು ಗಂಟೆಯ ಹೊತ್ತಿಗೆ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿಹೋಗಿ ಕಮರಿಗೆ ಬಿತ್ತು. ಒಳಗಿದ್ದವರು 166 ಮಂದಿ, ಬದುಕಿದವರು ಎಂಟೇ ಜನ. ಆಮೇಲೆ ಅವಶೇಷಗಳಲ್ಲಿ ಸಿಕ್ಕ ಕಾಕ್‌ಪಿಟ್ ಧ್ವನಿಮುದ್ರಣ ಯಂತ್ರದಲ್ಲಿ ಕೊನೆಯ ಎರಡು ಗಂಟೆ ಚಿಲ್ಲರೆ ಹೊತ್ತಿನ ಸದ್ದು ಉಳಿದಿತ್ತು. ಮೊದಲ ನೂರು ನಿಮಿಷಗಳಷ್ಟು ಕಾಲ ಕ್ಯಾಪ್ಟನ್ ಬಾಯಿಂದ ಒಂದು ಮಾತೂ ಇಲ್ಲ. ಕೇಳಿಸಿದ್ದು ಭಾರವಾದ ಉಸಿರಾಟ, ಗೊರಕೆ.

ಸುದ್ದಿಗೆ ಅಷ್ಟೇ ಸಾಕಾಯಿತು. ಪೈಲಟ್ ನಿದ್ದೆ ಮಾಡುತ್ತಿದ್ದ, ವಿಮಾನ ಬಿತ್ತು ಎಂದೇ ಇವತ್ತಿಗೂ ಹಲವರ ನೆನಪಿನಲ್ಲಿ ಉಳಿದಿದೆ. ಆದರೆ ವಿಮಾನ ನೆಲ ಮುಟ್ಟಿದಾಗ ಕ್ಯಾಪ್ಟನ್ ನಿದ್ದೆಯಲ್ಲಿರಲಿಲ್ಲ, ಎಚ್ಚರವಾಗಿದ್ದರು. ನಿಜವಾದ ಒಗಟು ಇರುವುದು ಅಲ್ಲೇ. ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಿದ ಅನುಭವಿ, ಎಚ್ಚರವಿದ್ದೂ, ಪಕ್ಕದಲ್ಲಿ ಕೂತ ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ (ಇಳಿಸದೆ ಮತ್ತೆ ಮೇಲೇರಿ) ಎಂದು ಕೂಗಿದರೂ, ಅಪಾಯದ ಎಚ್ಚರಿಕೆ ಮತ್ತೆ ಮತ್ತೆ ಮೊಳಗಿದರೂ, ವಿಪರೀತ ಎತ್ತರದಲ್ಲಿದ್ದ ವಿಮಾನವನ್ನು ಇಳಿಸಿಯೇ ತೀರುತ್ತೇನೆಂದು ಹೊರಟದ್ದೇಕೆ? ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರಗಳು ಗಟ್ಟಿಯಾಗಿ ನೆಲಕ್ಕೂರಿದ್ದು 5,200 ಅಡಿ ಕಳೆದ ಮೇಲೆ. ಟೇಬಲ್‌ಟಾಪ್ ರನ್‌ವೇ. ಮುಂದೆ ಕಮರಿ.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ಕೊಟ್ಟ ವರದಿಯಲ್ಲಿ ನೇರ ಕಾರಣ ಆ ಹಟವೇ. ಅದರ ಜತೆಗೆ ಪೂರಕ ಕಾರಣವಾಗಿ ಬಂದದ್ದು ವೈದ್ಯವಿಜ್ಞಾನದ ಒಂದು ಪದ: ಸ್ಲೀಪ್ ಇನರ್ಷಿಯಾ. ಗಾಢ ನಿದ್ದೆಯಿಂದೆದ್ದ ಮೇಲೂ ಮೆದುಳಿಗೆ ಅಂಟಿಕೊಂಡಿರುವ ಮಂಪರು ಅದು. ಮಧ್ಯಾಹ್ನ ಉಂಡು ಮಲಗಿ, ಸಂಜೆ ಎದ್ದು, ಬೆಳಗಾಯಿತೆಂದು ಹಲ್ಲುಜ್ಜಲು ಹೊರಡುವವರನ್ನು ಕಂಡು ಮನೆಮಂದಿ ನಗುತ್ತಾರಲ್ಲ, ಅದೇ ಸ್ಥಿತಿ. ಹಾರುವ ವೇಳೆಯೂ ಅನುಕೂಲವಾಗಿರಲಿಲ್ಲ. ದೇಹದ ಗಡಿಯಾರ ತೀರಾ ಕುಸಿದಿರುವ ನಸುಕಿನ ಜಾವ ಅದು.

ಇದು ಊಹೆಯ ಮಾತಲ್ಲ. 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಒಂದು ಪುಟ್ಟ ಅಧ್ಯಯನ ಪ್ರಕಟವಾಯಿತು. ಒಳಪಟ್ಟವರು ಬರೀ ಒಂಬತ್ತು ಜನ, ಆದರೆ ಫಲಿತಾಂಶ ಬೆಚ್ಚಿಬೀಳಿಸುವಂಥದ್ದು. ಎಂಟು ಗಂಟೆ ನಿದ್ದೆ ಮಾಡಿಸಿ ಎಬ್ಬಿಸಿ, ತಕ್ಷಣ ಎರಡಂಕಿಯ ಸಂಖ್ಯೆಗಳನ್ನು ಕೂಡಲು ಹೇಳಿದರು. ಇಪ್ಪತ್ತಾರು ಗಂಟೆ ಕಣ್ಣು ಮುಚ್ಚದೆ ಕೂತಾಗ ಮಾಡಿದ್ದಕ್ಕಿಂತಲೂ ಕೆಟ್ಟದಾಗಿ ಕೂಡಿದರು! ಮೊದಲ ಕೆಲವು ನಿಮಿಷ ತೀರಾ ಕಷ್ಟ. ಹತ್ತು ನಿಮಿಷದಲ್ಲಿ ತೀವ್ರತೆ ಇಳಿದರೂ ಸಣ್ಣ ಪರಿಣಾಮ ಎರಡು ಗಂಟೆವರೆಗೂ ಉಳಿಯಬಹುದು. ಎಚ್ಚರಗೊಳ್ಳುವ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದ ಇನ್ನೊಂದು ಅಧ್ಯಯನ ಕಾರಣವನ್ನೂ ತೋರಿಸಿತು. ಉಸಿರು, ಎಚ್ಚರ ನೋಡಿಕೊಳ್ಳುವ ಒಳಭಾಗಗಳು ಮೊದಲು ಕೆಲಸಕ್ಕೆ ಹಾಜರಾಗುತ್ತವೆ. ಅಳೆದು ತೂಗಿ ತೀರ್ಮಾನಿಸುವ ಹಣೆಯ ಹಿಂದಿನ ಭಾಗ ತಡವಾಗಿ ಬರುತ್ತದೆ. ಕೈ ಕಂಟ್ರೋಲ್ ಹಿಡಿದಿರುತ್ತದೆ, ಬಾಯಿ ಮಾತಾಡುತ್ತದೆ, ‘ಇದು ಸರಿಹೋಗುವುದಿಲ್ಲ, ಬಿಟ್ಟುಬಿಡು’ ಎನ್ನಬೇಕಾದವನು ಮಾತ್ರ ಇನ್ನೂ ಬಂದಿರುವುದಿಲ್ಲ.

ಹಾಗಾದರೆ ಪೈಲಟ್‌ಗಳು ಕಣ್ಣು ಮುಚ್ಚಲೇಬಾರದೇ? ಈ ಪ್ರಶ್ನೆಗೆ ಉತ್ತರ ಮಂಗಳೂರಿಗೂ ಎಷ್ಟೋ ಮೊದಲೇ ಸಿಕ್ಕಿತ್ತು. ಪೆಸಿಫಿಕ್ ಸಾಗರ ದಾಟುವ ವಿಮಾನಗಳ ಸಿಬ್ಬಂದಿ ಮೇಲೆ ನಾಸಾ ನಡೆಸಿದ ಅಧ್ಯಯನದ ವರದಿ 1994ರಲ್ಲೇ ಬಂದಿದೆ. ಸರದಿ ಪ್ರಕಾರ ನಲವತ್ತು ನಿಮಿಷ ಬಿಡುವು ಕೊಟ್ಟಾಗ ಅವರು ಸರಾಸರಿ 26 ನಿಮಿಷ ಮಲಗಿದರು, ಇಳಿಯುವ ಹೊತ್ತಿಗೆ ಚುರುಕಾಗಿದ್ದರು. ಮಲಗಲು ಬಿಡದ ಗುಂಪಿನವರು ಇಳಿಯುವ ಹೊತ್ತಲ್ಲೇ ತಮಗರಿವಿಲ್ಲದೆ ಕ್ಷಣಕಾಲ ತೂಕಡಿಸಿದರು. ಅಂದರೆ ನಿದ್ದೆಯಲ್ಲ ತಪ್ಪು, ಅದರ ಲೆಕ್ಕ ತಪ್ಪುವುದು. ಚಿಕ್ಕದಾಗಿ ಮಲಗಬೇಕು, ಎದ್ದ ಮೇಲೆ ಸುಧಾರಿಸಿಕೊಳ್ಳಲು ಹೊತ್ತು ಬಿಡಬೇಕು. ನೂರು ನಿಮಿಷ ಮಲಗಿ, ಎದ್ದು ಅರ್ಧ ಗಂಟೆಯೊಳಗೆ ಟೇಬಲ್‌ಟಾಪ್ ರನ್‌ವೇಗೆ ಇಳಿಸಲು ಕೈ ಹಾಕುವುದಂತೂ ಇದರಲ್ಲಿ ಯಾವುದೂ ಅಲ್ಲ.

ಮಂಗಳೂರಿನ ದುರಂತಕ್ಕೆ ಎಂಟು ತಿಂಗಳಾಗುವಷ್ಟರಲ್ಲಿ, 2011ರ ಜನವರಿಯಲ್ಲಿ, ಟೊರಾಂಟೊದಿಂದ ಜ್ಯೂರಿಕ್‌ಗೆ ಹೊರಟ ಏರ್ ಕೆನಡಾ ವಿಮಾನದಲ್ಲಿ ಇದೇ ಮಂಪರು ಇನ್ನೊಂದು ವೇಷ ಹಾಕಿತು. ಎಪ್ಪತ್ತೈದು ನಿಮಿಷ ಮಲಗಿ ಎದ್ದ ಸಹ ಪೈಲಟ್ ಮೊದಲು ಶುಕ್ರಗ್ರಹವನ್ನೇ ವಿಮಾನವೆಂದು ತಿಳಿದರು. ಬಳಿಕ ಸಾವಿರ ಅಡಿ ಕೆಳಗೆ ಎದುರಿನಿಂದ ಬರುತ್ತಿದ್ದ ನಿಜವಾದ ವಿಮಾನ ಕಂಡಾಗ ಅದು ತಮ್ಮ ಮೇಲೆಯೇ ಬರುತ್ತಿದೆ ಎನಿಸಿ ಮೂತಿಯನ್ನು ಕೆಳಕ್ಕೆ ಒತ್ತಿದರು. ಕ್ಯಾಪ್ಟನ್ ಎಳೆದು ಸರಿಪಡಿಸಿದರು. ಹದಿನಾರು ಮಂದಿಗೆ ಪೆಟ್ಟಾಯಿತು, ಯಾರೂ ಸಾಯಲಿಲ್ಲ. ಏರ್ ಕೆನಡಾದಲ್ಲಿ ಇಂಥ ನಿದ್ದೆಗೆ ನಲವತ್ತು ನಿಮಿಷದ ಮಿತಿ ಆಗಲೇ ಇತ್ತು, ಅದನ್ನು ಮೀರಲಾಗಿತ್ತು.

ಮಂಗಳೂರಿನಲ್ಲಿ ಹಾಗೆ ಎಳೆದು ಸರಿಪಡಿಸುವ ಕೈ ಏಕೆ ಬರಲಿಲ್ಲ? ಗೋಖಲೆ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಾಲುಗಳು ಇದರ ಬಗ್ಗೆ ಇವೆ. ಇಳಿಸುವುದನ್ನು ಕೈಬಿಡುವ ಅಧಿಕಾರ ಸಹ ಪೈಲಟ್‌ಗೆ ಇದೆಯೇ ಎಂಬ ಬಗ್ಗೆ ಸೂಚನೆಗಳೇ ಅಸ್ಪಷ್ಟವಾಗಿದ್ದವು. ಬಹುಶಃ ಆ ಕಾರಣಕ್ಕೇ ಅವರು ಕೂಗಿದರು, ಕಂಟ್ರೋಲ್ ಕೈಗೆ ತೆಗೆದುಕೊಳ್ಳಲಿಲ್ಲ. ಅಂದು ಮಂಗಳೂರಿನ ರೇಡಾರ್ ಕೂಡ ಕೆಟ್ಟಿತ್ತು, ಹೀಗಾಗಿ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೇ ತಡವಾಗಿ. ಗೊರಕೆಯೊಂದನ್ನೇ ಹಿಡಿದು ಕೂತಿದ್ದರೆ ಇವೆರಡೂ ಬೆಳಕಿಗೆ ಬರುತ್ತಿರಲಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲೂ ತನಿಖೆಯ ಗುರಿ ಮುಂದಿನ ಅಪಘಾತ ತಪ್ಪಿಸುವುದು, ಹೊಣೆ ಹೊರಿಸುವುದಲ್ಲ.

ಪೈಲಟ್‌ಗಳ ನಿದ್ದೆ, ಮಂಪರುಗಳ ಈ ಅರಿವಿನಲ್ಲಿ ವೈದ್ಯರ ಪಾಲೂ ಇದೆ. ಬೆಂಗಳೂರಿನಲ್ಲೇ 1957ರಿಂದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇದೆ. ಸೋಜಿಗವೆಂದರೆ, ಈ ಮಂಪರಿಗೆ ದಿನವೂ ಒಡ್ಡಿಕೊಳ್ಳುವವರಲ್ಲಿ ಆಸ್ಪತ್ರೆಯ ಕಿರಿಯ ವೈದ್ಯರೂ ಇದ್ದಾರೆ. ರಾತ್ರಿ ಪಾಳಿಯಲ್ಲಿ ಡ್ಯೂಟಿ ರೂಮಿನ ಮಂಚದಲ್ಲಿ ಒರಗಿದವರನ್ನು ನರ್ಸ್ ಫೋನ್ ಮಾಡಿ ಎಬ್ಬಿಸುತ್ತಾರೆ. ಎದ್ದ ಮೊದಲ ನಿಮಿಷದಲ್ಲೇ ರೋಗಿಯ ತೂಕಕ್ಕೆ ತಕ್ಕಂತೆ ಔಷಧಿಯ ಪ್ರಮಾಣ ಲೆಕ್ಕ ಹಾಕಿ ಹೇಳಬೇಕು. ‘ಜಾಮಾ’ ಅಧ್ಯಯನದ ಆ ಒಂಬತ್ತು ಜನ ಎಡವಿದ್ದು ಇಂಥ ಲೆಕ್ಕದಲ್ಲೇ. ವಾರ್ಡಿನಲ್ಲಿ ಧ್ವನಿಮುದ್ರಣ ಯಂತ್ರವೂ ಇರುವುದಿಲ್ಲ, ಮೂರು ಸಲ ಕೂಗಿದ ನರ್ಸಿನ ದನಿ ಯಾವ ವರದಿಗೂ ಏರುವುದಿಲ್ಲ.