ಊರ ದಾರಿಗೆ ಅಡ್ಡ ಕೂತ ಚೂರು ಧೂಳು

ಕಳೆದ ಮೇ ತಿಂಗಳು. ಅಮ್ಮನ ವರ್ಷಾಂತಿಕಕ್ಕೆ ಹನ್ನೊಂದು ದಿನ ಉಳಿದಿತ್ತು. ಮಕ್ಕಳಿಗೆ ಬೇಸಿಗೆ ರಜೆ ಶುರುವಾಗಿತ್ತು, ಮುಂಬಯಿಯ ಅರ್ಧ ಕರಾವಳಿ ಊರಿಗೆ ಹೊರಟಿತ್ತು. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ನಮ್ಮ ನಾಲ್ಕು ಟಿಕೆಟ್‌ಗಳು ವೇಟಿಂಗ್ ಲಿಸ್ಟಿನಿಂದ ಕದಲುತ್ತಿರಲಿಲ್ಲ. ‘ಕಾರಲ್ಲೇ ಹೋಗುವ’ ಎಂದೆ. ಅದೇ ವಾರ ಕಾರು ಕೈಕೊಟ್ಟಿತು.

ನಮ್ಮ ಮನೆ ಮುಲುಂಡ್‌ನಲ್ಲಿ, ಆಫೀಸು ಅಂಧೇರಿಯಲ್ಲಿ. ಎಲ್‌ಬಿಎಸ್ ಮಾರ್ಗ ಹಿಡಿದು ಜೆವಿಎಲ್‌ಆರ್‌ಗೆ ಹೊರಳುವುದು ನನ್ನ ನಿತ್ಯದ ಹಾದಿ. ಮೊದಲನೆಯದರ ಮೇಲೆ ಮೆಟ್ರೊ 4ರ ಕಾಮಗಾರಿ, ಎರಡನೆಯದರ ಮೇಲೆ ಮೆಟ್ರೊ 6ರದ್ದು. ಪೊವಾಯಿಯ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೂ ಗಾಡಿಗೆ ಕಸುವೇ ಬರಲಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಏಳುತ್ತ ಬೀಳುತ್ತ ಉಸಿರಾಡುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ಚಿತ್ರ ಹೊತ್ತಿಕೊಂಡಿತು. ಹತ್ತು ವರ್ಷ ದಾಟಿದ ಡೀಸೆಲ್ ಹ್ಯಾಚ್‌ಬ್ಯಾಕ್ ಅದು. ಪೊವಾಯಿಯನ್ನೇ ಹತ್ತದ್ದು, ನಾಲ್ಕು ಜನ ಮತ್ತು ಸಾಮಾನು ಹೊತ್ತು ಖಂಡಾಲಾ ಘಾಟಿ ಹತ್ತೀತೇ?

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿದ ಹುಡುಗ ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟ: ‘ಏರ್ ಫ್ಲೋ ಸೆನ್ಸರ್ ಗಯಾ. ಬದಲ್ನಾ ಪಡೇಗಾ.’ ಸಾಮಾನು, ಕೂಲಿ ಸೇರಿ ಹತ್ತಿರ ಹತ್ತಿರ ಹತ್ತು ಸಾವಿರ. ಹಣ ಹೇಗೋ ಹೊಂದಿಸಬಹುದಿತ್ತು. ಆದರೆ ಸಾಮಾನು ಬರಲು ಎಂಟು-ಹತ್ತು ದಿನವಂತೆ. ವರ್ಷಾಂತಿಕದ ತಿಥಿ ನಮಗಾಗಿ ಕಾಯುವುದಿಲ್ಲವಲ್ಲ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಕುಂದಾಪುರದಲ್ಲಿ ಮೂವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ‘ಬಿಚ್ಚಿ ಪೆಟ್ರೋಲ್ ಹಾಕಿ ತೊಳ್ದ್ ಊದಾ, ಸರಿ ಆತ್ತ್’ ಎಂದರು. ಅವರ ಕಾಲದ ಕಾರ್ಬ್ಯುರೇಟರಿಗೆ ಅದು ಸರಿಯಾದ ಮದ್ದು. ಈ ಸೆನ್ಸರಿಗೆ ಹಾಗೆ ಮಾಡಿದ್ದರೆ ಗ್ಯಾರೇಜಿನ ಹುಡುಗನ ಮಾತು ನಿಜವಾಗಿಬಿಡುತ್ತಿತ್ತು. ಆದರೆ ‘ಬಿಚ್ಚಿ ತೊಳಿ’ ಎಂಬ ಮಾತು ಮಾತ್ರ ತಲೆಯಲ್ಲಿ ಉಳಿಯಿತು.

ಗಾಳಿಯ ಲೆಕ್ಕ ಬರೆಯುವ ಗುಮಾಸ್ತ

ನಾನು ವೃತ್ತಿಯಿಂದ ಲೆಕ್ಕಪತ್ರದವನು. ನನಗೆ ಅರ್ಥವಾದದ್ದು ಹೀಗೆ. ಎಂಜಿನ್ನಿನ ಕಂಪ್ಯೂಟರಿಗೆ ಎಷ್ಟು ಇಂಧನ ಬಿಡಬೇಕೆಂದು ತಿಳಿಯಲು ಎಷ್ಟು ಗಾಳಿ ಒಳಬರುತ್ತಿದೆ ಎಂಬುದು ಗೊತ್ತಿರಬೇಕು. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಡೀಸೆಲ್ ಎಂಜಿನ್ ಇದಕ್ಕಿಂತ ಹೆಚ್ಚು ಗಾಳಿಯಲ್ಲೇ ಉರಿಯುತ್ತದೆ. ಆದರೂ ಹೊಗೆ ಕಾರದಂತೆ ಡೀಸೆಲ್ಲಿಗೆ ಮಿತಿ ಹಾಕಲು, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ಇಜಿಆರ್ ವಾಲ್ವನ್ನು ನಿಭಾಯಿಸಲು ಗಾಳಿಯ ಲೆಕ್ಕ ಬೇಕೇ ಬೇಕು. ಲೆಕ್ಕ ಲೀಟರಿನಲ್ಲಲ್ಲ, ಗ್ರಾಂನಲ್ಲಿ. ಮೇ ತಿಂಗಳ ಬಿಸಿ ಗಾಳಿ ಡಿಸೆಂಬರಿನ ತಂಪು ಗಾಳಿಗಿಂತ ಹಗುರ. ಅಳತೆ ಒಂದೇ ಆದರೂ ತೂಕ ಬೇರೆ.

ಆ ತೂಕ ಅಳೆಯುವುದೇ ಮಾಸ್ ಏರ್ ಫ್ಲೋ ಸೆನ್ಸರ್. ಏರ್ ಫಿಲ್ಟರಿನ ಡಬ್ಬಿ ದಾಟಿದ ಕೂಡಲೇ, ಎಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಕೂತಿರುತ್ತದೆ. ಒಳಗೆ ಕೂದಲಿನಷ್ಟು ಸಣ್ಣ ಪ್ಲಾಟಿನಂ ತಂತಿ. ಹಲವು ಕಾರುಗಳಲ್ಲಿ ತಂತಿಯ ಬದಲು ತೆಳು ಪದರ. ಕರೆಂಟು ಹರಿಸಿ ಅದನ್ನು ಒಳಬರುವ ಗಾಳಿಗಿಂತ ಹೆಚ್ಚು ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಬೀಸಿದಷ್ಟೂ ತಂತಿ ತಣಿಯುತ್ತದೆ, ಬಿಸಿ ಉಳಿಸಲು ಹೆಚ್ಚು ಕರೆಂಟು ಬೇಕಾಗುತ್ತದೆ. ಆ ಕರೆಂಟಿನ ಏರಿಳಿತವೇ ಗಾಳಿಯ ಲೆಕ್ಕ.

ತಂತಿಯ ಮೇಲೆ ಧೂಳು, ಎಣ್ಣೆಯ ಪಸೆ ಕೂತರೆ ಅದು ಕಂಬಳಿ ಹೊದ್ದಂತೆ. ಬೀಸುವ ಗಾಳಿ ತಂತಿಗೆ ಸರಿಯಾಗಿ ತಾಗುವುದಿಲ್ಲ. ಸಾಮಾನ್ಯವಾಗಿ ಬಂದದ್ದಕ್ಕಿಂತ ಕಡಿಮೆ ಗಾಳಿ ಲೆಕ್ಕಕ್ಕೆ ಸಿಗುತ್ತದೆ. ಕಂಪ್ಯೂಟರ್ ಆ ತಪ್ಪು ವೋಚರನ್ನು ನಂಬಿ ಇಂಧನ ಕಡಿಮೆ ಬಿಡುತ್ತದೆ. ಗಾಡಿ ಏರಿನಲ್ಲಿ ಸೊರಗುತ್ತದೆ. ಗುಮಾಸ್ತನ ಕನ್ನಡಕ ಮಸುಕಾಗಿದ್ದರೆ ಅವನನ್ನೇ ಕೆಲಸದಿಂದ ತೆಗೆಯಬೇಕೇ? ಮೊದಲು ಕನ್ನಡಕ ಒರೆಸಿ ನೋಡಬಹುದಲ್ಲ.

ತೊಳೆದ ಬಗೆ

ಶನಿವಾರ ಕುರ್ಲಾದ ಸಿಎಸ್‌ಟಿ ರೋಡಿನ ಬಿಡಿಭಾಗಗಳ ಅಂಗಡಿಗಳನ್ನು ಸುತ್ತಿ ಎರಡು ವಸ್ತು ತಂದೆ: ಈ ಸೆನ್ಸರಿಗೆಂದೇ ಸಿಗುವ ಕ್ಲೀನರ್ ಸ್ಪ್ರೇ, ನಕ್ಷತ್ರದಾಕಾರದ ಬಾಯಿಯ ಸ್ಕ್ರೂಡ್ರೈವರ್. ಎರಡೂ ಸೇರಿ ಸಾವಿರದೊಳಗೆ. ಅಂಗಡಿಯವನು ಅಗ್ಗದ ಕಾರ್ಬ್ಯುರೇಟರ್ ಕ್ಲೀನರ್ ತೋರಿಸಿ ‘ಸಬ್ ಏಕ್ ಹೀ ಹೈ’ ಎಂದ. ಒಂದೇ ಅಲ್ಲ. ಅದರ ಮತ್ತು ಬ್ರೇಕ್ ಕ್ಲೀನರಿನ ರಾಸಾಯನಿಕ ಸೆನ್ಸರಿನ ಪ್ಲಾಸ್ಟಿಕ್ಕನ್ನೂ ಪದರವನ್ನೂ ತಿನ್ನಬಲ್ಲದು.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದ್ದೇ ತಡ, ವಾಚ್‌ಮನ್ ಬಂದ: ‘ಸಾಬ್, ಇಧರ್ ರಿಪೇರಿ ಮನಾ ಹೈ.’ ಸೊಸೈಟಿಯ ನಿಯಮ. ‘ರಿಪೇರಿ ಅಲ್ಲ ಭಯ್ಯಾ, ಸಫಾಯಿ’ ಎಂದೆ. ಬೇಸ್‌ಮೆಂಟ್ ಬಿಟ್ಟು ಗೇಟಿನ ಹೊರಗಿನ ಮರದಡಿಗೆ ಹೋದೆ. ಅದು ಒಳ್ಳೆಯದೇ ಆಯಿತು. ಈ ಸ್ಪ್ರೇ ಬೆಂಕಿ ಹಿಡಿಯುವಂಥದ್ದು, ಗಾಳಿಯಾಡದ ಜಾಗದಲ್ಲಿ ಬಳಸಬಾರದು.

ಮಾಡಲು ಹೊರಡುವವರಿಗೆ ಕ್ರಮ ಹೇಳುತ್ತೇನೆ. ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಕೀಲಿ ಜೇಬಿನಲ್ಲಿರಲಿ. ಮೊದಲು ವಯರಿನ ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿ. ವಯರನ್ನು ಹಿಡಿದು ಎಳೆಯಬೇಡಿ. ಎರಡು ಸ್ಕ್ರೂ ತೆಗೆದು ಸೆನ್ಸರನ್ನು ನೇರವಾಗಿ ಮೇಲೆತ್ತಿ. ಅದು ಕೂತಿದ್ದ ದಿಕ್ಕಿನ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ಗೇಣು ದೂರದಿಂದ ತಂತಿಯ ಮೇಲೂ ಅದರ ಸಂದಿಯಲ್ಲೂ ಹತ್ತು-ಹದಿನೈದು ಬಾರಿ ಸ್ಪ್ರೇ ಹೊಡೆಯಿರಿ. ಕೊಳೆ ತಾನಾಗಿ ಹರಿದು ಬೀಳುತ್ತದೆ. ಬೆರಳು, ಬಟ್ಟೆ, ಬ್ರಷ್, ಕಿವಿಗೆ ಹಾಕುವ ಹತ್ತಿಕಡ್ಡಿ ಯಾವುದೂ ಬೇಡ. ಬಾಯಿಯಿಂದ ಊದುವುದೂ ಬೇಡ, ಟೈರ್ ಅಂಗಡಿಯ ಗಾಳಿಯಂತೂ ಬೇಡವೇ ಬೇಡ. ಕೂದಲಿನಂಥ ತಂತಿ ಅದು, ಮುರಿದರೆ ಮುಗಿಯಿತು.

ಆಮೇಲಿನದೇ ಕಷ್ಟದ ಕೆಲಸ: ಸುಮ್ಮನೆ ಕೂರುವುದು. ಒದ್ದೆ ಸೆನ್ಸರಿಗೆ ಕರೆಂಟು ಕೊಡಬಾರದು. ಮುಂಬಯಿಯ ತೇವದ ಗಾಳಿಯನ್ನು ನೆನೆದು ನಾನು ಒಂದು ಗಂಟೆ ಕಾದೆ.

ನಿಜವಾದ ಕಳ್ಳ

ಕಾಯುವಾಗ ಸುಮ್ಮನಿರಲಾರದೆ ಏರ್ ಫಿಲ್ಟರಿನ ಡಬ್ಬಿ ತೆರೆಯಲು ಹೋದೆ. ಅದರ ನಾಲ್ಕು ಕ್ಲಿಪ್‌ಗಳಲ್ಲಿ ಹಿಂಬದಿಯ ಒಂದು ಮೊದಲೇ ಬಿಚ್ಚಿತ್ತು. ಹಿಂದಿನ ಸರ್ವಿಸಿನಲ್ಲಿ ಯಾರೋ ಕೈ ಎಟಕದೆ ಹಾಗೇ ಬಿಟ್ಟಿರಬೇಕು. ಮುಚ್ಚಳ ಒಂದು ಕೂದಲೆಳೆ ಎದ್ದು, ಆ ಸಂದಿಯಿಂದ ಧೂಳು ಫಿಲ್ಟರನ್ನು ತಪ್ಪಿಸಿಕೊಂಡು ನೇರ ಒಳಗೆ ಹೋಗಿತ್ತು. ಫಿಲ್ಟರಿನ ಆಚೆಗಿನ ಬದಿ ಶುಭ್ರವಾಗಿರಬೇಕು; ಬೆರಳು ಸವರಿದರೆ ಬೂದು ಬಣ್ಣದ ಗೆರೆ ಮೂಡಿತು.

ಈ ನಗರದ ಧೂಳಿನ ಬಗ್ಗೆ ನಿಮಗೆ ಹೇಳಬೇಕಿಲ್ಲ. 2023ರ ಅಕ್ಟೋಬರಿನಲ್ಲಿ ಮುಂಬಯಿ ಮಹಾನಗರಪಾಲಿಕೆ ಧೂಳು ತಡೆಯಲು ನಿಯಮಾವಳಿ ಹೊರಡಿಸಿ, 70 ಮೀಟರಿಗಿಂತ ಎತ್ತರದ ಕಟ್ಟಡ ಏಳುವ ಕಡೆ 35 ಅಡಿ ಎತ್ತರದ ತಗಡಿನ ಗೋಡೆ ಕಟ್ಟಬೇಕೆಂದು ಹೇಳಿತ್ತು. ಆ ಗೋಡೆ ದಾಟಿ ಬಂದದ್ದನ್ನು ತಡೆಯಬೇಕಾದ್ದು ಕಾರಿನೊಳಗಿನ ಕಾಗದದ ಫಿಲ್ಟರ್. ಅದರ ಬಾಗಿಲೇ ತೆರೆದಿದ್ದರೆ ಸೆನ್ಸರ್ ಏನು ಮಾಡೀತು? ಬರೀ ತೊಳೆದು ಮುಚ್ಚಿದ್ದರೆ ಅದು ಮತ್ತೆ ಕೊಳೆಯಾಗುತ್ತಿತ್ತು. ಹೊಸದನ್ನು ಹಾಕಿಸಿದ್ದರೂ ಅದೇ ಗತಿ, ಹತ್ತು ಸಾವಿರ ಹೋದಮೇಲೆ. ಡಬ್ಬಿ ಒರೆಸಿ, ಹೊಸ ಫಿಲ್ಟರ್ ಹಾಕಿ, ನಾಲ್ಕೂ ಕ್ಲಿಪ್ ಒತ್ತಿದೆ.

ಸೆನ್ಸರ್ ಒಳಗೆ ಕೂರಿಸಿ ಕೀಲಿ ತಿರುಗಿಸಿದೆ. ಎಂಜಿನ್ ಒಂದೇ ಸಮನೆ ನಿಂತು ಉಸಿರಾಡಿತು. ಆಫೀಸಿನ ಗೆಳೆಯ ಕೊಟ್ಟಿದ್ದ ಬ್ಲೂಟೂತ್ ಒಬಿಡಿ ಅಡಾಪ್ಟರ್ ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿ, ಮೊಬೈಲಿನಲ್ಲಿ ಪಿ0101 ಎಂಬ ಕೋಡ್ ಅಳಿಸಿದೆ. ಪೊವಾಯಿಗೆ ಹೋಗಿ ಅದೇ ಏರನ್ನು ಮೂರು ಸಲ ಹತ್ತಿಳಿದೆ. ದೀಪ ಮತ್ತೆ ಹೊತ್ತಲಿಲ್ಲ. ಆದರೂ ಆ ವಾರವಿಡೀ ದಿನಾ ಆಫೀಸಿಗೆ ಅದರಲ್ಲೇ ಓಡಾಡಿ ಖಾತ್ರಿ ಮಾಡಿಕೊಂಡೆ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವಾಗ ಒಂದು ಭಾನುವಾರದ ಗೆಲುವು ಸಾಲದು.

ಒಂದು ಎಚ್ಚರಿಕೆ. ನಮ್ಮಲ್ಲಿನ ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಈ ಸೆನ್ಸರ್ ಇರುವುದೇ ಇಲ್ಲ. ಕೊಳವೆಯ ಒತ್ತಡ ಅಳೆಯುವ ಎಂಎಪಿ ಸೆನ್ಸರಿನಿಂದ ಅವು ಗಾಳಿಯ ಲೆಕ್ಕ ಹಾಕುತ್ತವೆ. ಕಾರಿನ ಕೈಪಿಡಿ ನೋಡಿಯೋ ಗೊತ್ತಿದ್ದವರನ್ನು ಕೇಳಿಯೋ ಮುಂದುವರಿಯಿರಿ. ವಾರಂಟಿಯಲ್ಲಿರುವ ಕಾರಿಗೆ ಕೈ ಹಚ್ಚಬೇಡಿ. ಕಸುವು ಇಳಿಯಲು ಹರಿದ ಕೊಳವೆ, ಮಸಿ ಕಟ್ಟಿದ ಇಜಿಆರ್, ಟರ್ಬೊ ಹೀಗೆ ಬೇರೆ ಕಾರಣಗಳೂ ಇವೆ. ತೊಳೆದ ಮೇಲೂ ದೀಪ ಹೊತ್ತಿದರೆ ಸೆನ್ಸರ್ ನಿಜಕ್ಕೂ ಸತ್ತಿರಬಹುದು; ಆಗ ಗ್ಯಾರೇಜೇ ಗತಿ.

ಶುಕ್ರವಾರ ನಸುಕಿನಲ್ಲಿ ಹೊರಟೆವು. ಖಂಡಾಲಾ ಘಾಟಿಯಲ್ಲಿ ನಾನು ಉಸಿರು ಬಿಗಿಹಿಡಿದಿದ್ದೆ, ಕಾರು ಹಿಡಿಯಲಿಲ್ಲ. ಕೊಲ್ಲಾಪುರ, ಬೆಳಗಾವಿ ದಾಟಿ ಹುಬ್ಬಳ್ಳಿಯಲ್ಲಿ ರಾತ್ರಿ ಕಳೆದು, ಮರುದಿನ ಅರಬೈಲ್ ಘಾಟಿ ಇಳಿದು ಕುಂದಾಪುರ ಸೇರಿದೆವು. ತಿಥಿಗೆ ಇನ್ನೂ ಒಂದು ದಿನ ಇತ್ತು.

ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ನೋಡುತ್ತೇನೆ, ಅಪ್ಪ ಅಂಗಳದಲ್ಲಿ ಬಾನೆಟ್ ಎತ್ತಿ ನಿಂತಿದ್ದಾರೆ. ಅಮ್ಮ ಹೋದ ಮೇಲೆ ಅವರು ಯಾವುದರಲ್ಲೂ ಇಷ್ಟು ಆಸಕ್ತಿ ತೋರಿದ್ದನ್ನು ನಾನು ಕಂಡಿರಲಿಲ್ಲ. ಸೆನ್ಸರ್ ಯಾವುದು, ತಂತಿ ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ‘ಊದ್ಲಿಲ್ಲ ಅಲ್ದಾ?’ ಎಂದರು. ‘ಇಲ್ಲ’ ಎಂದೆ. ತಲೆಯಾಡಿಸಿ, ಹಿಂಬದಿಗೆ ಕೈ ಚಾಚಿ, ನಾಲ್ಕೂ ಕ್ಲಿಪ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ ಬಾನೆಟ್ ಮುಚ್ಚಿದರು.