ಆರ್ಕಿಟೆಕ್ಚರ್ ಓದಲು ಯಾವ ಕಾಲೇಜು?

ಮಂಜೇಶ್ವರದ ಕಡೆಯಿಂದ ತಂದೆಯೊಬ್ಬರು ಕಾಗದ ಬರೆದಿದ್ದಾರೆ. ಮಗಳು ಪ್ಲಸ್ ಟು ಮುಗಿಸಿದ್ದಾಳೆ, ಆರ್ಕಿಟೆಕ್ಟ್ ಆಗಬೇಕೆನ್ನುತ್ತಾಳೆ. ಮಂಗಳೂರಿನ ಖಾಸಗಿ ಕಾಲೇಜಾದರೆ ಮನೆಯಿಂದಲೇ ರೈಲಿನಲ್ಲಿ ಹೋಗಿ ಬರಬಹುದು. ತಿರುವನಂತಪುರದ ಸರಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲೂ ಈ ವಿಭಾಗವಿದೆ, ಫೀಸು ಕಡಿಮೆ, ಆದರೆ ಒಂದು ರಾತ್ರಿಯ ಪ್ರಯಾಣ. "ಎರಡೂ ಕಡೆ ಸೀಟು ಸಿಗುವಂತಿದೆ. ಎಲ್ಲಿಗೆ ಕಳುಹಿಸಲಿ?" ಎಂದು ಅವರ ಪ್ರಶ್ನೆ.

ಮೊದಲಿಗೆ ಒಂದು ಮಾತು. ಇದು ಬಾಗಿಲು ಯಾವ ದಿಕ್ಕಿಗೆ ಇಡಬೇಕೆಂದು ಹೇಳುವ ವಾಸ್ತುವಿನ ಓದಲ್ಲ. ಬಿ.ಆರ್ಕ್ ಎಂದರೆ ಐದು ವರ್ಷಗಳ ಪದವಿ. ಅದರಲ್ಲಿ ಒಂದು ಸೆಮಿಸ್ಟರ್ ಯಾವುದಾದರೂ ಆರ್ಕಿಟೆಕ್ಟರ ಕಚೇರಿಯಲ್ಲಿ ಕೆಲಸ ಕಲಿಯಬೇಕು. 1972ರ ಕಾಯಿದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಕೌನ್ಸಿಲ್ಲಿನ ಮನ್ನಣೆ ಇಲ್ಲದ ಕಾಲೇಜಿನ ಪದವಿಯಿಂದ ಆ ನೋಂದಣಿ ಆಗುವುದಿಲ್ಲ. ನನ್ನ ಪರಿಚಯದ ಒಬ್ಬರು ದೊಡ್ಡ ಕಟ್ಟಡ, ಬಣ್ಣದ ಪುಸ್ತಿಕೆ ನೋಡಿ ಮಗನನ್ನು ಒಂದು ಕಡೆ ಸೇರಿಸಿದರು. ಆ ವರ್ಷದ ಮನ್ನಣೆಯೇ ಬಂದಿಲ್ಲವೆಂದು ತಿಳಿದದ್ದು ಎರಡು ಸೆಮಿಸ್ಟರ್ ಕಳೆದ ಮೇಲೆ. ಕೌನ್ಸಿಲ್ಲಿನ ಪಟ್ಟಿ ಇಂಟರ್‌ನೆಟ್‌ನಲ್ಲಿದೆ, ನೋಡಲು ಹತ್ತು ನಿಮಿಷ ಸಾಕು. ಮುಂಗಡ ಕಟ್ಟುವ ಮೊದಲೇ ನೋಡಿ.

ಇನ್ನು ರೈಲಿನ ಮಾತು. ಮನೆಯಿಂದ ಹೋಗಿ ಬರುವುದು ಲಾಭವೆಂದು ನಮಗೆಲ್ಲ ಅನಿಸುತ್ತದೆ. ಬಿ.ಕಾಂ. ಓದಿಗೆ ಅದು ಸರಿ. ಆದರೆ ಆರ್ಕಿಟೆಕ್ಚರ್‌ನ ಜೀವಾಳ ಸ್ಟುಡಿಯೋ. ದೊಡ್ಡ ಮೇಜುಗಳಿರುವ ಕೋಣೆ, ಅಲ್ಲಿ ಮಕ್ಕಳು ನಕ್ಷೆ ಬಿಡಿಸುತ್ತಾರೆ, ರಟ್ಟಿನಲ್ಲಿ ಮಾದರಿ ಕಟ್ಟುತ್ತಾರೆ. ಮೇಷ್ಟ್ರು ಬಂದು ತಪ್ಪು ತೋರಿಸುತ್ತಾರೆ, ಕಿತ್ತು ಮತ್ತೆ ಕಟ್ಟುತ್ತಾರೆ. ಹೀಗೆ ವಾರಗಟ್ಟಲೆ ನಡೆಯುತ್ತದೆ. ಮೇಷ್ಟ್ರು ಹೇಳಿದ್ದರಷ್ಟೇ ಪಾಠ ಪಕ್ಕದ ಮೇಜಿನವಳ ಕೆಲಸ ನೋಡಿ, ಮೇಲಿನ ತರಗತಿಯ ಅಣ್ಣ ಅಕ್ಕಂದಿರನ್ನು ಕೇಳಿ ಬರುತ್ತದೆ. ಅದು ಹೆಚ್ಚಾಗಿ ನಡೆಯುವುದು ಸಂಜೆ ಐದರ ಮೇಲೆ. ಐದೂಕಾಲರ ರೈಲು ಹಿಡಿಯಲು ಓಡುವ ಹುಡುಗಿಗೆ ಅರ್ಧ ಕಾಲೇಜು ತಪ್ಪಿಹೋಗುತ್ತದೆ. ಹಾಗಾಗಿ ಮಂಗಳೂರೇ ಆದರೂ ಕಾಲೇಜಿನ ಹತ್ತಿರ ಹಾಸ್ಟೆಲ್ ಬೇಕು. ಆ ಖರ್ಚನ್ನೂ ಸೇರಿಸಿದ ಮೇಲೆ ಎರಡು ಕಾಲೇಜುಗಳ ಲೆಕ್ಕ ಹೋಲಿಸಿ. ರಟ್ಟು, ಅಂಟು, ಕಾಗದ, ಒಳ್ಳೆಯ ಕಂಪ್ಯೂಟರು, ಅಧ್ಯಯನ ಪ್ರವಾಸ ಇವು ಫೀಸಿನ ಚೀಟಿಯಲ್ಲಿ ಬರುವುದಿಲ್ಲ, ಕಿಸೆಯಿಂದಲೇ ಹೋಗುತ್ತವೆ.

ಊರೂ ಪಾಠ ಹೇಳುತ್ತದೆ. ಲಾರಿ ಬೇಕರ್ ಇಟ್ಟಿಗೆಯ ಜಾಲರಿ ಗೋಡೆಗಳಿಂದ ಕಟ್ಟಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ತಿರುವನಂತಪುರದಲ್ಲೇ ಇದೆ. ಕಡಿಮೆ ಖರ್ಚಿನಲ್ಲಿ ಗಾಳಿ ಬೆಳಕು ತರುವುದು ಹೇಗೆಂದು ಅಲ್ಲಿ ನಿಂತು ನೋಡಿದವರಿಗೆ ಪುಸ್ತಕ ಬೇಡ. ಅಹಮದಾಬಾದಿನಲ್ಲಿ ಬಿ. ವಿ. ದೋಶಿಯವರು 1962ರಲ್ಲಿ ಕಟ್ಟಿದ ಶಾಲೆ ಹೆಸರಾದದ್ದಕ್ಕೆ ಆ ನಗರವೂ ಒಂದು ಕಾರಣ. ಹಾಗೆಂದು ದೂರದ್ದೆಲ್ಲ ಒಳ್ಳೆಯದಲ್ಲ. ನಮ್ಮ ಕಡೆಯ ಮುರಕಲ್ಲಿನ ಗೋಡೆ, ಮಳೆಗೆ ಇಳಿಬಿಟ್ಟ ಮಾಡು, ಸೊಲ್ಲಾಪುರ ಜತ್ತದ ಕಡೆಯ ಮಣ್ಣಿನ ಮಾಳಿಗೆ, ಇಂಥ ಮನೆಗಳನ್ನು ಅಳೆದು ನಕ್ಷೆ ಮಾಡಿಸುವ ಕಾಲೇಜು ಹತ್ತಿರದಲ್ಲಿದ್ದರೆ ಅದೂ ಒಳ್ಳೆಯ ಕಾಲೇಜೇ.

ಗಡಿಯ ಮಕ್ಕಳು ತಿಳಿಯಬೇಕಾದ ಎರಡು ವಿಷಯಗಳಿವೆ. ಕಲ್ಲಿಕೋಟೆ, ತಿರುಚಿರಾಪಳ್ಳಿ, ನಾಗಪುರದ ಎನ್‌ಐಟಿಗಳಲ್ಲಿ ಬಿ.ಆರ್ಕ್ ಇದೆ. ಅವಕ್ಕೆ ಜೆಇಇ ಮೇನ್‌ನ ಎರಡನೇ ಪತ್ರಿಕೆ ಬರೆಯಬೇಕು. ಅಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ. ರಾಜ್ಯ ಯಾವುದೆಂದು ತೀರ್ಮಾನವಾಗುವುದು ಮನೆಯ ವಿಳಾಸದಿಂದಲ್ಲ, ಹನ್ನೆರಡನೇ ತರಗತಿ ಎಲ್ಲಿ ಪಾಸಾಯಿತು ಎಂಬುದರಿಂದ. ಕಾಸರಗೋಡಿನ ಹುಡುಗ ಮಂಗಳೂರಿನಲ್ಲಿ ಪಿಯುಸಿ ಮಾಡಿದರೆ ಕಲ್ಲಿಕೋಟೆಯ ಆ ಅರ್ಧ ಪಾಲು ಅವನಿಗಿಲ್ಲ. ಇದನ್ನು ಹತ್ತನೇ ತರಗತಿ ಮುಗಿದಾಗಲೇ ಯೋಚಿಸಬೇಕು.

ಎರಡನೆಯದು, ಕೇರಳದಲ್ಲೂ ಕರ್ನಾಟಕದಲ್ಲೂ ನಾಟಾ ಪರೀಕ್ಷೆಯ ಅಂಕಕ್ಕೆ ಅರ್ಧ, ಹನ್ನೆರಡನೇ ತರಗತಿಯ ಅಂಕಕ್ಕೆ ಅರ್ಧ ತೂಕ ಕೊಟ್ಟು ರ‍್ಯಾಂಕು ಮಾಡುತ್ತಾರೆ. ಕರ್ನಾಟಕದ ಪರೀಕ್ಷಾ ಪ್ರಾಧಿಕಾರದಲ್ಲಿ ಗಡಿನಾಡು ಕನ್ನಡಿಗ, ಹೊರನಾಡು ಕನ್ನಡಿಗ ಎಂಬ ವಿಧಿಗಳಿವೆ. ಕಾಸರಗೋಡು, ಅಕ್ಕಲಕೋಟೆ, ಜತ್ತ ಮೊದಲಾದ ಕಡೆಯ ಕನ್ನಡ ಅಥವಾ ತುಳು ಮನೆಮಾತಿನ ಮಕ್ಕಳು ಅದರಡಿ ಅರ್ಜಿ ಹಾಕಬಹುದು. ಆದರೆ ಕನ್ನಡ ಓದು ಬರಹದ ಪರೀಕ್ಷೆಗೆ ಕೂರಬೇಕು. ಮನೆಯಲ್ಲಿ ಸರಾಗವಾಗಿ ಮಾತನಾಡುವ ಎಷ್ಟೋ ಮಕ್ಕಳಿಗೆ ಒತ್ತಕ್ಷರ ಬರೆಯಲು ಬಾರದು. ಬೇಸಗೆಯಲ್ಲಿ ಕೂರಿಸಿ ಕಲಿಸಿದರೆ ಸಾಕು. ಆಯಾ ವರ್ಷದ ಕೈಪಿಡಿಯಲ್ಲಿ ಬೇಕಾದ ದಾಖಲೆಗಳ ಪಟ್ಟಿ ಇರುತ್ತದೆ, ಅದನ್ನು ಮೊದಲೇ ಓದಿಕೊಳ್ಳಿ.

ಕಾಗದ ಬರೆದವರಿಗೆ ನನ್ನ ಉತ್ತರ ಕೇಳಿದರೆ, ತಿರುವನಂತಪುರವೇ. ಸಾಲವಿಲ್ಲದೆ ಐದು ವರ್ಷ ಮುಗಿಸಬಹುದು, ಹಾಸ್ಟೆಲಿನಲ್ಲಿರುವುದರಿಂದ ಸ್ಟುಡಿಯೋ ಪೂರ್ತಿ ದಕ್ಕುತ್ತದೆ. ಆದರೂ ಒಪ್ಪಿಗೆ ಕೊಡುವ ಮೊದಲು ಮಗಳನ್ನು ಕರೆದುಕೊಂಡು ಎರಡೂ ಕಡೆ ಹೋಗಿ ಬನ್ನಿ. ಪ್ರಿನ್ಸಿಪಾಲರ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರಬೇಡಿ. ಮೂರನೇ ವರ್ಷದ ಸ್ಟುಡಿಯೋಗೆ ಸಂಜೆ ಆರಕ್ಕೆ ಹೋಗಿ. ದೀಪ ಉರಿಯುತ್ತಿದೆಯೇ, ಮಕ್ಕಳಿದ್ದಾರೆಯೇ, ಎಲ್ಲರ ಮೇಜಿನ ಮೇಲೂ ಒಂದೇ ಬಗೆಯ ಕಟ್ಟಡ ಇದೆಯೇ, ಬೇರೆ ಬೇರೆಯೇ, ನೋಡಿ. ಹಿಂದಿನ ವಾರ ಮೇಷ್ಟ್ರು ಏನು ತಿದ್ದಿದರೆಂದು ಅಲ್ಲಿನ ಒಬ್ಬ ಹುಡುಗಿಯನ್ನು ನಿಮ್ಮ ಮಗಳೇ ಕೇಳಲಿ.