ಹಳೆಯ ಕಿರುರೈಲಿಗೆ ಹೊಸ ಬಣ್ಣ

ಆಟದ ರೈಲು ಎಂದೊಡನೆ ಅದು ಮಕ್ಕಳ ವಸ್ತುವೆಂದು ಭಾವಿಸುವುದು ಸಹಜ. ಆದರೆ ಇಂಗ್ಲೆಂಡಿನಲ್ಲಿ ಕಿರುರೈಲುಗಳನ್ನು ಕಟ್ಟಿ ಓಡಿಸುವುದು ದೊಡ್ಡವರ ಹವ್ಯಾಸವೂ ಆಗಿದೆ. ಅಲ್ಲಿ ಯಾರೋ ಬಳಸಿ ಬಿಟ್ಟ ಹಳೆಯ ಡಬ್ಬಿಗಳನ್ನು ಕೊಂಡು ತಂದು, ಬಿಚ್ಚಿ, ತೊಳೆದು, ಬೇರೆ ಬಣ್ಣ ಕೊಟ್ಟು, ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವವರು ಅನೇಕರುಂಟು. ಮೇಲುನೋಟಕ್ಕೆ ಇದು ಬರಿಯ ಕಾಲಹರಣವೆಂದು ತೋರಬಹುದು. ಆದರೆ ಇದಕ್ಕೆ ಕೈಯ ಹದದಷ್ಟೇ ಚರಿತ್ರೆಯ ತಿಳಿವಳಿಕೆಯೂ ಬೇಕು. ಚರಿತ್ರೆಯ ವಿದ್ಯಾರ್ಥಿಯಾದ ನನ್ನ ಮನಸ್ಸನ್ನು ಸೆಳೆದುದು ಈ ಅಂಶವೇ.

ಮೊದಲು ಈ ಡಬ್ಬಿಗಳ ಹುಟ್ಟನ್ನು ನೋಡೋಣ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತನು, ಮುಂದೆ ಮೆಕ್ಯಾನೊ ಎಂದು ಹೆಸರಾದ ಜೋಡಣೆಯ ಆಟಿಕೆಗೆ 1901ರಲ್ಲಿ ಪೇಟೆಂಟು ಪಡೆದನು. 1920ರಲ್ಲಿ ಅವನ ಕಂಪನಿಯ ಆಟದ ರೈಲುಗಳು ಪೇಟೆಗೆ ಬಂದವು. 1938ರಲ್ಲಿ ಇನ್ನೂ ಚಿಕ್ಕದಾದ ‘ಹಾರ್ನ್‌ಬಿ ಡಬ್ಲೊ’ ಬಂದಿತು. ಆ ಡಬ್ಬಿಗಳು ತಗಡಿನವು. 1950ರ ದಶಕದಲ್ಲಿ ಟ್ರೈ-ಆಂಗ್ ಎಂಬ ಹೆಸರಿನಲ್ಲಿ ಪ್ಲಾಸ್ಟಿಕ್ ಡಬ್ಬಿಗಳು ಬಂದವು. 1964ರಲ್ಲಿ ಮೆಕ್ಯಾನೊ ಕಂಪನಿಯು ಟ್ರೈ-ಆಂಗಿನ ಒಡೆಯರ ವಶವಾಯಿತು. ಹೀಗೆ ತಗಡು, ಪ್ಲಾಸ್ಟಿಕ್ ಎರಡೂ ಬಗೆಯ ಹಳೆಯ ಡಬ್ಬಿಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ.

ಇವುಗಳ ಅಳತೆಯಲ್ಲಿ ಒಂದು ಸ್ವಾರಸ್ಯವಿದೆ. ನಿಜವಾದ ರೈಲಿನ ಒಂದು ಅಡಿಗೆ ಇಲ್ಲಿ 4 ಮಿಲಿಮೀಟರ್. ಎಂದರೆ ಸುಮಾರು 76ರಲ್ಲಿ ಒಂದು ಪಾಲು. ಬ್ರಿಟಿಷ್ ರೈಲ್ವೆಯು 1951ರಿಂದ ಕಟ್ಟತೊಡಗಿದ ‘ಮಾರ್ಕ್ 1’ ಡಬ್ಬಿಯ ಉದ್ದ 64 ಅಡಿ 6 ಅಂಗುಲ. ಕಿರುರೈಲಿನಲ್ಲಿ ಅದು 258 ಮಿಲಿಮೀಟರ್ ಆಗುವುದು. ಇದೇ ಲೆಕ್ಕದಲ್ಲಿ ಹಳಿಗಳ ನಡುವಣ ಅಂತರವು 18.83 ಮಿಲಿಮೀಟರ್ ಇರಬೇಕು. ಆದರೆ ಇರುವುದು 16.5 ಮಾತ್ರ. ಬ್ರಿಟನ್ನಿನ ಎಂಜಿನುಗಳ ಮೈ ಚಿಕ್ಕದು. ಅಂದಿನ ವಿದ್ಯುತ್ ಮೋಟಾರು ಅದರೊಳಗೆ ಹಿಡಿಸುತ್ತಿರಲಿಲ್ಲ. ಆದುದರಿಂದ ಹಳಿಯನ್ನು ಇದ್ದಂತೆಯೇ ಇಟ್ಟು, ಮೈಯನ್ನು ಮಾತ್ರ ಕೊಂಚ ದೊಡ್ಡದು ಮಾಡಿದರು.

ಹಳೆಯ ಡಬ್ಬಿಯೊಂದು ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಇದಕ್ಕೆ ಬಣ್ಣ ಬಳಿಯಬಹುದೇ ಎಂಬುದು. ತಗಡಿನ ಡಬ್ಬಿಯ ಬಣ್ಣವನ್ನು ಕುಂಚದಿಂದ ಬಳಿದುದಲ್ಲ; ಚಪ್ಪಟೆ ತಗಡಿನ ಮೇಲೆ ಕಿಟಕಿ, ಬಾಗಿಲು, ಗೆರೆಗಳನ್ನೆಲ್ಲ ಅಚ್ಚು ಹಾಕಿ ಆಮೇಲೆ ಮಡಿಸಿದ್ದು. ಅದನ್ನು ಒಮ್ಮೆ ಕೆರೆದರೆ ಮತ್ತೆ ತರುವುದು ಸಾಧ್ಯವಿಲ್ಲ. ಅಂಥ ಡಬ್ಬಿ ಚೆನ್ನಾಗಿ ಉಳಿದಿದ್ದರೆ ಧೂಳು ಒರಸಿ ಇಡುವುದೇ ವಿವೇಕ. 1950ರ ದಶಕದ ಮೊದಲ ವರ್ಷಗಳ ಕೆಲವು ಪ್ಲಾಸ್ಟಿಕ್ ಡಬ್ಬಿಗಳು ಕಾಲಕ್ರಮದಲ್ಲಿ ತಾವಾಗಿಯೇ ಬಾಗಿವೆ. ಬಣ್ಣದಿಂದ ಆ ದೋಷ ಹೋಗದು. ಆದರೆ ಹಿಂದಿನ ಒಡೆಯನು ದಪ್ಪ ಬಣ್ಣ ಮೆತ್ತಿದ, ಚಕ್ರ ಕಳೆದ, ಗಾಜು ಒಡೆದ ಸಾಧಾರಣ ಪ್ಲಾಸ್ಟಿಕ್ ಡಬ್ಬಿಗಳು ಹೇರಳವಾಗಿವೆ. ನಮ್ಮ ಕೆಲಸಕ್ಕೆ ತಕ್ಕವು ಅವೇ.

ಕೆಲಸದ ಕ್ರಮ ಹೀಗಿದೆ. ಡಬ್ಬಿಯ ಮೈ, ತಳ, ಚಕ್ರಗಳ ಚೌಕಟ್ಟು, ಕಿಟಕಿಯ ಪಾರದರ್ಶಕ ಹಾಳೆ ಇವನ್ನು ಬೇರ್ಪಡಿಸಬೇಕು. ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ಮೈಯನ್ನು ತೊಳೆದು ಒಣಗಿಸಬೇಕು. ಬೆರಳಿನ ಜಿಡ್ಡು ಉಳಿದರೂ ಬಣ್ಣ ಹಿಡಿಯುವುದಿಲ್ಲ. ಹಳೆಯ ಬಣ್ಣವನ್ನು ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲನ್ನು ಉಪಯೋಗಿಸುವರು. ಮೊದಲು ಒಳಮೈಯ ಒಂದು ಮೂಲೆಯಲ್ಲಿ ಪರೀಕ್ಷಿಸುವುದು ಒಳ್ಳೆಯದು. ಅಸಿಟೋನನ್ನಂತೂ ಮುಟ್ಟಿಸಲೇಬಾರದು, ಅದು ಬಣ್ಣದ ಜೊತೆಗೆ ಡಬ್ಬಿಯನ್ನೂ ಕರಗಿಸಿಬಿಡುವುದು. ಬಣ್ಣ ಹೋದಮೇಲೆ ನಯವಾದ ಮರಳು ಕಾಗದದಿಂದ ಹದವಾಗಿ ಉಜ್ಜಿ, ತೆಳುವಾಗಿ ಪ್ರೈಮರ್ ಕೊಡಬೇಕು.

ನಮ್ಮ ತಂದೆಯವರು ಲಾರಿಗಳ ಮೈಗೆ ಬಣ್ಣ ಕೊಡುವ ಕಸುಬಿನವರು, ಶಾಲೆಗೆ ಹೋದವರಲ್ಲ. ಉಜ್ಜುವುದಕ್ಕೆ ಒಂದು ದಿನ ಹಿಡಿದರೆ ಬಳಿಯುವುದಕ್ಕೆ ಒಂದು ಗಂಟೆ ಸಾಕು ಎಂದು ಅವರು ಹೇಳುವುದುಂಟು. ಕಿರುರೈಲಿನ ಕೆಲಸದ ವಿವರವನ್ನು ನಾನು ಓದಿ ಹೇಳಿದಾಗ ಅವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಮೂರು ಪದರ ಮೇಲು. ಎರಡು ಬಣ್ಣ ಸೇರುವಲ್ಲಿ ಅಂಟುಪಟ್ಟಿಯ ಅಂಚನ್ನು ಭದ್ರವಾಗಿ ಒತ್ತಬೇಕು. ಇವೆಲ್ಲ ಲಾರಿಗೂ ಸಲ್ಲುವ ಸೂತ್ರಗಳು. ಗೆರೆ ಕೂಡುವಲ್ಲಿ ಬಣ್ಣ ಒಳಗೆ ಹರಿಯದಂತೆ, ಪಟ್ಟಿಯ ಅಂಚಿಗೆ ಕೆಳಗಿನ ಬಣ್ಣವನ್ನೇ ಮತ್ತೊಮ್ಮೆ ತೆಳುವಾಗಿ ಹಾಯಿಸುವ ಯುಕ್ತಿಯೂ ಉಂಟು.

ಇನ್ನು ಯಾವ ಬಣ್ಣ ಕೊಡಬೇಕು? ಚರಿತ್ರೆ ಬರುವುದು ಇಲ್ಲಿಯೇ. ಬ್ರಿಟನ್ನಿನ ರೈಲುಗಳು 1948ರ ಜನವರಿ 1ರಂದು ರಾಷ್ಟ್ರೀಕರಣಗೊಂಡವು. ಅದಕ್ಕೆ ಮುಂಚೆ 1923ರಿಂದ ನಾಲ್ಕು ದೊಡ್ಡ ಕಂಪನಿಗಳಿದ್ದವು. ಗ್ರೇಟ್ ವೆಸ್ಟರ್ನ್ ಕಂಪನಿಯದು ಚಾಕೊಲೇಟ್ ಮತ್ತು ಕೆನೆ ಬಣ್ಣ. ಸದರ್ನ್ ಕಂಪನಿಯದು ಹಸಿರು. ರಾಷ್ಟ್ರೀಕರಣವಾದ ಮೇಲೆ, 1949ರಿಂದ, ದೂರದ ಗಾಡಿಗಳಿಗೆ ಕೆಂಪು ಮತ್ತು ಕೆನೆ ಬಣ್ಣ ಬಂದಿತು. ಹವ್ಯಾಸಿಗಳು ಇದನ್ನು ತಮಾಷೆಯಾಗಿ ‘ರಕ್ತ ಮತ್ತು ಕಸ್ಟರ್ಡ್’ ಎನ್ನುವರು. 1956ರಿಂದ ಮರೂನ್, 1960ರ ದಶಕದ ನಡುವಿನಿಂದ ನೀಲಿ ಮತ್ತು ಬೂದು. ನಮ್ಮಲ್ಲಿಯೂ 1990ರ ದಶಕದಲ್ಲಿ ಡಬ್ಬಿಗಳ ಕೆಂಗಂದು ಬಣ್ಣ ಹೋಗಿ ನೀಲಿ ಬಂದಿತಷ್ಟೆ. ಆದುದರಿಂದ ಡಬ್ಬಿಗೆ ಬಣ್ಣ ಕೊಡುವುದೆಂದರೆ ಅದಕ್ಕೊಂದು ಇಸವಿಯನ್ನು ಕೊಟ್ಟಂತೆ. 1951ಕ್ಕೆ ಮೊದಲು ಇಲ್ಲದಿದ್ದ ಮಾರ್ಕ್ 1 ಡಬ್ಬಿಯನ್ನು 1935ರ ಗಾಡಿಗೆ ಜೋಡಿಸಿದರೆ, ಬಣ್ಣ ಎಷ್ಟೇ ಅಂದವಾಗಿದ್ದರೂ ಬಲ್ಲವರು ಒಪ್ಪುವುದಿಲ್ಲ.

ಬಾಗಿಲಿನ ಮೇಲಣ ಅಂಕಿಯಂತೂ ಇನ್ನೂ ಅರ್ಥವತ್ತಾದುದು. ಮಿಡ್ಲೆಂಡ್ ರೈಲ್ವೆ 1875ರಲ್ಲಿಯೇ ಎರಡನೆಯ ತರಗತಿಯನ್ನು ತೆಗೆದುಹಾಕಿತು. ಉಳಿದ ಕಂಪನಿಗಳೂ ಕ್ರಮೇಣ ಅದನ್ನು ಅನುಸರಿಸಿದವು. ಹೀಗಾಗಿ ಬಹುಕಾಲ ಅಲ್ಲಿ ಮುಖ್ಯವಾಗಿ ಮೊದಲನೆಯ ಮತ್ತು ಮೂರನೆಯ ತರಗತಿಗಳೇ ಇದ್ದವು. 1956ರ ಜೂನ್ ತಿಂಗಳಲ್ಲಿ ಮೂರನೆಯದಕ್ಕೆ ಎರಡನೆಯ ತರಗತಿ ಎಂದು ಹೆಸರಿಟ್ಟರು. ಆದುದರಿಂದ 1960ರ ಗಾಡಿಯ ಬಾಗಿಲಿಗೆ 3 ಎಂದು ಅಂಟಿಸಿದರೆ ತಪ್ಪಾಗುವುದು. ನಮ್ಮ ದೇಶದಲ್ಲಿ ಮೂರನೆಯ ತರಗತಿಯ ಹೆಸರು ಹೋದುದು 1974ರಲ್ಲಿ. ಎರಡು ಮಿಲಿಮೀಟರ್ ಎತ್ತರವೂ ಇಲ್ಲದ ಈ ಅಂಕಿ, ಯಾರು ಎಲ್ಲಿ ಕುಳಿತು ಪ್ರಯಾಣ ಮಾಡಿದರೆಂಬ ಕಥೆಯನ್ನು ಹೇಳುತ್ತದೆ. ಇಂಥ ಅಂಕಿಗಳನ್ನು ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವರು. ಅವು ಹೊಳಪಿನ ಮೈಮೇಲೆ ಚೆನ್ನಾಗಿ ಕೂರುವುವು. ಆಮೇಲೆ ಹೊಳಪು ಕಡಿಮೆಯಾದ ವಾರ್ನಿಷ್ ಕೊಟ್ಟು ಭದ್ರಪಡಿಸುವರು.

ಮಾರ್ಪಾಡುಗಳು ಇನ್ನೂ ಹಲವು. ಪ್ಲಾಸ್ಟಿಕ್ ಚಕ್ರಗಳ ಬದಲು ಲೋಹದವನ್ನು ಹಾಕಿದರೆ ಕೊಳೆ ಕಡಿಮೆ, ಓಟ ಸುಗಮ. ಒಳಗಿನ ಆಸನಗಳಿಗೆ ಬಣ್ಣ ಕೊಟ್ಟು ಪುಟ್ಟ ಪ್ರಯಾಣಿಕರನ್ನು ಕೂರಿಸಬಹುದು. ಎರಡು ಮುರುಕು ಡಬ್ಬಿಗಳನ್ನು ಕತ್ತರಿಸಿ ಕೂಡಿಸಿ, ಅಂಗಡಿಯಲ್ಲಿ ಸಿಗದ ಮೂರನೆಯದೊಂದನ್ನು ಮಾಡುವವರೂ ಇದ್ದಾರೆ. ಕೊನೆಗೆ ತಳಕ್ಕೆ ಬ್ರೇಕಿನ ಧೂಳಿನ ಕಂದು, ಛಾವಣಿಗೆ ಹೊಗೆಯ ಮಸಿ ಕೊಂಚ ತೋರಿಸಿದರೆ ಡಬ್ಬಿಯು ದುಡಿದ ಗಾಡಿಯಂತೆ ಕಾಣುವುದು.

ಹಳೆಯದನ್ನು ಎಸೆಯುವುದೂ, ಕಣ್ಣುಮುಚ್ಚಿ ಬಣ್ಣ ಬಳಿಯುವುದೂ ಸುಲಭ. ಯಾವುದನ್ನು ಇದ್ದಂತೆ ಉಳಿಸಬೇಕು, ಯಾವುದನ್ನು ತಿದ್ದಬಹುದು ಎಂದು ತಿಳಿಯುವುದಕ್ಕೆ ಪುಸ್ತಕವೂ ಬೇಕು, ಪಳಗಿದ ಕೈಯೂ ಬೇಕು. ನಮ್ಮ ಕಾಲೇಜಿನ ಬಹುಮಂದಿ ವಿದ್ಯಾರ್ಥಿಗಳ ಮನೆಗಳಲ್ಲಿ ಎರಡನೆಯದು ಆಗಲೇ ಇದೆ. ಮೊದಲನೆಯದನ್ನು ಸಂಪಾದಿಸಲು ಬಂದ ನಾವು ಎರಡನೆಯದನ್ನು ಕೀಳಾಗಿ ಕಾಣದಿದ್ದರೆ ಓದು ಸಾರ್ಥಕವೆಂದು ನನ್ನ ನಂಬಿಕೆ.